ಮದುವೆ ಕ್ಯಾಮೆರಾದವನ ಕೊಲೆ ಸಿನಿಮಾ

ಮೆಲ್ಕಾರಿನ ನನ್ನ ಸ್ಟುಡಿಯೋಕ್ಕೆ ಬೀಗ ಹಾಕಿ ಎರಡು ವರ್ಷವಾಯಿತು. ಮೊಣಕಾಲು ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಎಡಗಣ್ಣಿನ ಪೊರೆ ತೆಗೆಸಿದ್ದಾಗಿದೆ. ಆದರೂ ಹೊಸದಾಗಿ ಕ್ಯಾಮೆರಾ ಹಿಡಿದವರು ಆಗಾಗ ಮನೆ ಹುಡುಕಿಕೊಂಡು ಬರುತ್ತಾರೆ. "ಗೋಪಾಲಣ್ಣ, ಸಸ್ಪೆನ್ಸ್ ಸೀನು ತೆಗೆಯುವುದು ಹೇಗೆ, ಸ್ವಲ್ಪ ಹೇಳಿಕೊಡಿ" ಎನ್ನುತ್ತಾರೆ. ಅವರು ನೋಡಿರುವುದು ನಾನು ಕೆಲಸ ಮಾಡಿದ ಎರಡನೆಯ ತುಳು ಸಿನಿಮಾದ ಬಾಗಿಲಿನ ದೃಶ್ಯವನ್ನು. ಮೊದಲನೆಯ ಸಿನಿಮಾವನ್ನು ಅವರಲ್ಲಿ ಯಾರೂ ನೋಡಿಲ್ಲ. ನೋಡಿದ್ದರೆ ನನ್ನ ಮನೆಯ ದಾರಿ ಕೇಳುತ್ತಿರಲಿಲ್ಲ. ಹಾಗಾಗಿ ಮೊದಲನೆಯದರಿಂದಲೇ ಹೇಳುತ್ತೇನೆ. ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ.

ನನ್ನದು ಮದುವೆ ಮನೆಯ ವಿದ್ಯೆ. ಹೆಗಲ ಮೇಲೆ ಅಕ್ಕಿ ಮುಡಿಯಷ್ಟು ದೊಡ್ಡ ಕ್ಯಾಮೆರಾ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಶುರು ಮಾಡಿದವನು ನಾನು. ಆಗ ನನಗೆ ಕ್ಯಾಮೆರಾದ ಶಾಸ್ತ್ರ ಕಲಿಸಿದ ಗುರು ಯಾರೆಂದು ಕೇಳಿದರೆ, ವೇಣೂರಿನ ಕಡೆಯವರು, ಒಬ್ಬ ಮದುಮಗನ ಸೋದರಮಾವ. ಬೆಳ್ತಂಗಡಿಯಲ್ಲಿ ಅವರ ಅಳಿಯನ ಮದುವೆಯ ವಿಡಿಯೋ ತೆಗೆದಿದ್ದೆ. ಕ್ಯಾಸೆಟ್ ಕೊಟ್ಟ ಮೂರನೆಯ ದಿನ ಅವರು ಸ್ಟುಡಿಯೋಕ್ಕೆ ಬಂದು ಕುರ್ಚಿ ಎಳೆದು ಕೂತರು. ಮೂರು ಗಂಟೆಯ ಕ್ಯಾಸೆಟ್ಟನ್ನು ಪೂರ್ತಿ ಹಾಕಿಸಿ ನೋಡಿದರು. ಒಂದು ಕಡೆ ನಿಲ್ಲಿಸಲು ಹೇಳಿ ಪರದೆಗೆ ಬೆರಳು ತಾಗಿಸಿದರು.

"ಇದು ಯಾರ ಭುಜ?"

"ನಿಮ್ಮದೇ, ಮಾವ."

"ನನ್ನ ಭುಜಕ್ಕೆ ಮುಖ ಇಲ್ಲವಾ?"

ಮುಂದಿನ ಆದಿತ್ಯವಾರ ವೇಣೂರಿಗೆ ಹೋಗಿ, ಅವರಿಗೆ ಅದೇ ಅಂಗಿ ಹಾಕಿಸಿ, ಕೈಗೆ ಅಕ್ಷತೆ ಕೊಟ್ಟು, ಅವರು ತಮ್ಮ ಮನೆಯ ಗೋಡೆಗೆ ಆಶೀರ್ವಾದ ಮಾಡುವುದನ್ನು ತೆಗೆದುಕೊಂಡು ಬಂದು ಮದುವೆಗೆ ಸೇರಿಸಿದೆ. ಗೋಡೆಗೆ ಅವರು ಮಾಡಿದಷ್ಟು ಮನಸಾರೆ ಆಶೀರ್ವಾದವನ್ನು ನಿಜವಾದ ವಧೂವರರಿಗೂ ಯಾರೂ ಮಾಡಿರಲಿಕ್ಕಿಲ್ಲ.

ಆ ದಿನದಿಂದ ನನಗೊಂದು ಕ್ರಮ ಬಂತು. ಮಂಟಪದ ಬಲ ತುದಿಯಿಂದ ಹೊರಟು ಎಡ ತುದಿಯ ತನಕ ಕ್ಯಾಮೆರಾ ಹೋಗಬೇಕು. ಯಾರ ಮುಖವೂ ಬಿಟ್ಟುಹೋಗಬಾರದು. ಹಿರಿಯರು ಬಂದರೆ ಮನಸ್ಸಿನಲ್ಲೇ 'ಒಂದು, ಎರಡು' ಎಂದು ಎಣಿಸುವಷ್ಟು ನಿಲ್ಲಬೇಕು. ಯಾರ ಮೇಲೂ ನೆರಳು ಬೀಳಬಾರದು. ಬಿದ್ದರೆ ಹುಡುಗಿ ಕಪ್ಪಗೆ ಕಂಡಳೆಂದು ಅವಳ ತಾಯಿ ಜಗಳಕ್ಕೆ ಬರುತ್ತಾರೆ. ಇಪ್ಪತ್ತು ವರ್ಷ ಹೀಗೆ ದುಡಿದ ಮೇಲೆ ಈ ಕ್ರಮ ತಲೆಯಿಂದ ಇಳಿದು ಬಲಗೈಗೆ ಬಂದು ಕೂತಿತು. ನಾನು ನಿದ್ದೆ ತೂಗುತ್ತಿದ್ದರೂ ಕೈ ಹಿರಿಯರ ಮುಂದೆ ತಾನಾಗಿ ನಿಲ್ಲುತ್ತಿತ್ತು.

ಇಂಥ ಕೈಯನ್ನು ನಂಬಿ ಮೂಡಬಿದಿರೆಯ ನವೀನ ಕೊಲೆ ಸಿನಿಮಾ ಮಾಡಲು ಹೊರಟ. ಅವನು ನನ್ನ ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿ ಜೋಡಿಸಿಕೊಡುತ್ತಿದ್ದವನು. ಒಂದು ದಿನ ಬಂದು ಹೇಳಿದ, "ಗೋಪಾಲಣ್ಣ, ಒಂದು ಕೊಲೆ ಮಾಡುವ. ಕತೆ ರೆಡಿ ಉಂಟು."

"ಮಾಡುವ. ಎಷ್ಟು ಜನಕ್ಕೆ ಊಟ?" ಎಂದು ನಾನು ಅಭ್ಯಾಸಬಲದಿಂದ ಕೇಳಿದೆ.

ಕತೆಯ ಗುಟ್ಟು ಇಷ್ಟೇ: ಕೊಂದವನು ಊರಿನ ಅತಿ ಸಾಧು ಮನುಷ್ಯ. ಆ ಪಾತ್ರಕ್ಕೆ ನವೀನ ಒಪ್ಪಿಸಿ ತಂದದ್ದು ಶಿರ್ತಾಡಿಯ ಕೃಷ್ಣ ಮಾಸ್ಟ್ರನ್ನು. ಎಪ್ಪತ್ತೈದು ದಾಟಿದ, ನಾಟಕದಲ್ಲಿ ಪಳಗಿದ ನಿವೃತ್ತ ಮೇಷ್ಟ್ರು. ಅವರು ನೊಣ ಹೊಡೆದರೂ ಜನ ನೊಣದ ತಪ್ಪೆನ್ನುತ್ತಿದ್ದರು. ಆದರೆ ಅವರು ನಾಲ್ಕನೆಯ ತರಗತಿಯಲ್ಲಿ ನನಗೆ ಮಗ್ಗಿ ಕಲಿಸಿದವರು ಎಂಬುದನ್ನು ನವೀನ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮುಖ್ಯ ದೃಶ್ಯದಲ್ಲಿ, ಬೆಳ್ತಂಗಡಿ ಹತ್ತಿರದ ಒಂದು ಮನೆಯ ಚಾವಡಿಯಲ್ಲಿ ಹೆಣ ಮಲಗಿದೆ. ಸುತ್ತ ಹನ್ನೆರಡು ಜನ ನಿಂತಿದ್ದಾರೆ. ಅವರಲ್ಲಿ ಒಬ್ಬ ಕೊಲೆಗಾರ. ನವೀನ ಹೇಳಿದ್ದು ಸ್ಪಷ್ಟವಾಗಿತ್ತು: "ಎಲ್ಲರನ್ನೂ ಒಂದೇ ಓಟದಲ್ಲಿ ತೋರಿಸಿ, ಯಾರ ಮೇಲೂ ನಿಲ್ಲಬೇಡಿ. ಮಾತು ಆ ಓಟದಲ್ಲೇ ಮುಗಿಯಬೇಕು, ಆಮೇಲೆ ತುಂಡು ಮಾಡಲಿಕ್ಕೆ ಆಗುವುದಿಲ್ಲ." ನಾನು ಬಲದಿಂದ ಎಡಕ್ಕೆ ಹೋದೆ. ಒಂದೇ ಓಟ, ನೀರು ಹರಿದ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಣವೂ ಎದ್ದು ಕೂತು ತಟ್ಟಿತು. ಸಂಜೆ ನವೀನ ಕಂಪ್ಯೂಟರಿನಲ್ಲಿ ನೋಡಿ "ಫಸ್ಟ್ ಕ್ಲಾಸ್" ಎಂದ. ಅವನ ಕಣ್ಣು ನನ್ನ ಮದುವೆಗಳನ್ನೇ ನೋಡಿ ನೋಡಿ ಬಲಿತದ್ದು. ಅದಕ್ಕೆ ಏನೂ ಹೆಚ್ಚುಕಮ್ಮಿ ಕಾಣಲಿಲ್ಲ.

ಕಂಡದ್ದು ನನ್ನ ಅಕ್ಕನಿಗೆ. ಸರಸಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ನನ್ನ ಜೊತೆಗೇ ಇರುವವಳು. ಹತ್ತನೆಯ ವಯಸ್ಸಿನಿಂದ ಬೀಡಿ ಕಟ್ಟುತ್ತಿದ್ದಾಳೆ. ಮಡಿಲಲ್ಲಿ ತಡ್ಪೆ ಎಂಬ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಕಣ್ಣು ಟಿವಿಯ ಮೇಲಿದ್ದರೂ ಬೆರಳು ಎಲೆ ಸುತ್ತಿ, ನೂಲು ಬಿಗಿದು, ತುದಿ ಮಡಚುತ್ತಲೇ ಇರುತ್ತದೆ. ಧಾರಾವಾಹಿಯಲ್ಲಿ ಎರಡನೆಯ ಹೆಂಡತಿ ಬರಲಿ, ಸತ್ತವನು ಎದ್ದು ಬರಲಿ, ಆ ಬೆರಳು ನಿಂತದ್ದನ್ನು ನಾನು ಕಂಡಿರಲಿಲ್ಲ.

ಮೂಡಬಿದಿರೆಯಲ್ಲಿ ಮೊದಲ ದಿನದ ಆಟಕ್ಕೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎದೆಯುಬ್ಬಿಸಿ ಕೂತಿದ್ದೆ. ಹತ್ತು ನಿಮಿಷ ಆಗಿರಬೇಕು. ಹೆಣದ ಸುತ್ತ ನನ್ನ ಪ್ರಸಿದ್ಧ ಓಟ ಮುಗಿಯಿತು. ಅಕ್ಕ, ಕಿವಿ ಸ್ವಲ್ಪ ಮಂದವಾದ್ದರಿಂದ, ಇಡೀ ಟಾಕೀಸಿಗೆ ಕೇಳುವಂತೆ ಹೇಳಿದಳು:

"ಅಯ್ಯೋ ಪಾಪ, ಕೊಂದದ್ದು ಮಾಸ್ಟ್ರು!"

ಹಿಂದಿನ ಸಾಲಿನಿಂದ ಯಾರೋ ಹೇಳಿದರು, "ನನಗೂ ಹಾಗೇ ಕಂಡಿತು ಅಜ್ಜಿ."

ಮಧ್ಯಂತರದ ಹೊತ್ತಿಗೆ ಚಹಾ ಕುಡಿಯುವವರೆಲ್ಲ ಅದನ್ನೇ ಹೇಳುತ್ತಿದ್ದರು. ಆಮೇಲಿನ ಒಂದು ಗಂಟೆ ನಮ್ಮ ಪತ್ತೇದಾರ ನಾಯಕ ಬಾವಿಗೆ ಇಳಿದು, ಅಟ್ಟ ಹತ್ತಿ, ಪುತ್ತೂರಿನ ತನಕ ಹೋಗಿ ಸುಳಿವು ಹುಡುಕಿದ. ಜನ ಕೆಳಗಿನಿಂದ ಕೂಗಿದರು: "ಅಲ್ಲಿ ಎಂತ ಹುಡುಕುವುದು ಮಾರಾಯ, ಮಾಸ್ಟ್ರ ಮನೆಗೆ ಹೋಗು!" ಸಿನಿಮಾ ನಾಲ್ಕನೆಯ ದಿನ ಎತ್ತಂಗಡಿಯಾಯಿತು. ಆ ಕೂಗು ಮಾತ್ರ ಊರಲ್ಲೇ ಉಳಿಯಿತು. ನಾನು ಮೆಲ್ಕಾರಿನಲ್ಲಿ ಬಸ್ಸಿಗೆ ಕಾದು ನಿಂತರೆ ಸಾಕು, ರಸ್ತೆಯ ಆಚೆಯಿಂದ ಯಾರಾದರೂ "ಮಾಸ್ಟ್ರ ಮನೆಗೆ ಹೋಗು!" ಎನ್ನುತ್ತಿದ್ದರು.

"ನಿನಗೆ ಹೇಗೆ ಗೊತ್ತಾಯಿತು?" ಎಂದು ಅಕ್ಕನನ್ನು ಕೇಳಿದೆ.

"ನೀನು ಅವರ ಮುಂದೆ ನಿಂತೆಯಲ್ಲ."

"ನಾನೆಲ್ಲಿ ನಿಂತೆ? ಒಂದೇ ಓಟ ಅದು!"

"ನಿಂತೆ. ಮದುವೆಯಲ್ಲಿ ಹಿರಿಯರ ಮುಂದೆ ನಿಲ್ಲುವ ಹಾಗೆ. ಹೆಣ ಬಿದ್ದ ಮನೆಯಲ್ಲಿ ಅವರೊಬ್ಬರಿಗೆ ಯಾಕೆ ಅಷ್ಟು ಮರ್ಯಾದೆ ಅಂತ ಯೋಚಿಸಿದೆ. ಏನೋ ಉಂಟು ಅಂತ ಆಯಿತು."

ಮತ್ತೆ ಹಾಕಿ ನೋಡಿದೆ. ಹೌದು. ಹನ್ನೊಂದು ಮುಖಗಳನ್ನು ಕ್ಯಾಮೆರಾ ನಿಲ್ಲದೆ ದಾಟುತ್ತದೆ. ನಡುವೆ ಮಾಸ್ಟ್ರು ಬಂದಾಗ ಮಾತ್ರ ನಿಲ್ಲುತ್ತದೆ. ಒಂದು, ಎರಡು. ಆಮೇಲೆ ಮುಂದೆ ಹೋಗುತ್ತದೆ. ಜೊತೆಗೆ ಅವರ ಮುಖದ ಮೇಲೆ ಮಾತ್ರ ಒಂದು ಲೈಟು ಹೆಚ್ಚು. ಅದನ್ನೂ ನಾನೇ ಇಟ್ಟದ್ದು, ಗುರುಗಳು ಮಬ್ಬಾಗಿ ಕಾಣಬಾರದೆಂದು. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ: ಕ್ಯಾಮೆರಾ ಎಲ್ಲಿ ಅರೆಗಳಿಗೆ ಹೆಚ್ಚು ನಿಲ್ಲುತ್ತದೋ ನೋಡುವವರ ಸಂಶಯವೂ ಅಲ್ಲೇ ನಿಲ್ಲುತ್ತದೆ. ನೀವು ಮರ್ಯಾದೆಗೆ ನಿಂತಿರಾ, ಮೊಣಕಾಲು ನೋವಿಗೆ ನಿಂತಿರಾ, ಅವರಿಗೆ ಬೇಡ.

ಮೂರು ವರ್ಷ ಕಳೆದು ನವೀನ ಮತ್ತೆ ಬಂದ. ಈ ಸಲ ವಿಟ್ಲದ ಅಡಿಕೆ ವ್ಯಾಪಾರಿ ಪದ್ಮನಾಭಣ್ಣ ಎಂಬವರು ಸಿನಿಮಾಕ್ಕೆ ದುಡ್ಡು ಹಾಕಲು ಹೊರಟಿದ್ದರು. ಅವರನ್ನು ಕಾಣಲು ಹೋದೆವು. ಪದ್ಮನಾಭಣ್ಣ ಗೋದಾಮಿನಲ್ಲಿ ಒಂದು ಅಡಿಕೆಯನ್ನು ಕತ್ತರಿಸಿ ಒಳಗೆ ನೋಡುತ್ತಿದ್ದರು. ಆಮೇಲೆ ಅದೇ ಕಣ್ಣಿನಿಂದ ನನ್ನನ್ನು ನೋಡಿದರು.

"ಮಾಸ್ಟ್ರ ಮನೆಗೆ ಹೋಗು, ಅದು ನೀವಲ್ಲವಾ?"

"ಹೌದು" ಎಂದೆ. ಅಲ್ಲವೆಂದರೆ ನಂಬುವವರು ತಾಲೂಕಿನಲ್ಲಿ ಯಾರೂ ಇರಲಿಲ್ಲ.

"ನೋಡು ನವೀನ, ನಾನು ಸುತ್ತಿ ಬಳಸಿ ಮಾತಾಡುವವನಲ್ಲ. ಕತೆಯಲ್ಲಿ ಆ ಬಾಗಿಲಿನ ಸೀನು ಉಂಟಲ್ಲ, ಅದನ್ನು ಮೊದಲು ಇವರು ತೆಗೆಯಲಿ. ನಾನು ನೋಡುತ್ತೇನೆ. ನನಗೆ ಹೆದರಿಕೆ ಆದರೆ ಪೂರ್ತಿ ಸಿನಿಮಾ ಇವರದ್ದೇ. ಆಗದಿದ್ದರೆ ಬೆಂಗಳೂರಿನಿಂದ ಬೇರೆಯವರು ಬರಲಿ. ಬೇಜಾರು ಮಾಡಬಾರದು, ಗೋಪಾಲಣ್ಣ."

ಬೇಜಾರು ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಮೊಣಕಾಲು ಆಗಲೇ ಮಾತಾಡಲು ಶುರು ಮಾಡಿತ್ತು. ಇದು ಬಿಟ್ಟರೆ ಇನ್ನೊಂದು ಸಿನಿಮಾ ನನಗಿಲ್ಲ ಎಂದು ಗೊತ್ತಿತ್ತು. ಜೀವಮಾನದ ಕೆಲಸಕ್ಕೆ ಊರವರು ಕೊಟ್ಟ ಸರ್ಟಿಫಿಕೇಟು ಬಸ್‌ಸ್ಟ್ಯಾಂಡಿನ ಆ ಕೂಗೊಂದೇ ಆಗಬಾರದೆಂದು ಒಳಗೊಳಗೇ ಆಸೆಯಿತ್ತು.

ಅಭ್ಯಾಸಕ್ಕೆಂದು ನವೀನ ನನ್ನನ್ನು ಒಂದು ರಬ್ಬರ್ ತೋಟಕ್ಕೆ ಕರೆದುಕೊಂಡು ಹೋದ. ಓಡುವವಳ ಹಿಂದೆ ಕೈಯಲ್ಲೇ ಕ್ಯಾಮೆರಾ ಹಿಡಿದು ಹೋಗಬೇಕು, ಬೆನ್ನಟ್ಟುವವನ ಕಣ್ಣಿನಿಂದ ನೋಡಿದಂತೆ. ನಾನೋ ಮದುವೆ ದಿಬ್ಬಣದ ಹಿಂದೆ ಹೋಗುವಂತೆ ಅಲುಗಾಡದೆ, ಅವಸರವಿಲ್ಲದೆ ಹೋದೆ. "ಗೋಪಾಲಣ್ಣ, ನೀವು ಕೊಲ್ಲಲಿಕ್ಕೆ ಹೋಗುವುದು, ಉಡುಗೊರೆ ಕೊಡಲಿಕ್ಕೆ ಅಲ್ಲ" ಎಂದ. ಐದನೆಯ ಸಲ ಅವನು ಕುಣಿದಾಡಿಬಿಟ್ಟ. "ಇದು! ಆ ನಡುಕ, ಆ ಏದುಸಿರು! ಹೇಗೆ ಮಾಡಿದಿರಿ ಇದನ್ನು?" ನಾನು ಮರದ ಮರೆಗೆ ಓಡಿದೆ. ಪ್ಯಾಂಟಿನ ಒಳಗೆ ಕೆಂಪಿರುವೆಯ ಇಡೀ ಸಂಸಾರ ಹತ್ತಿತ್ತು. ಈಗ ಬರುವ ಮಕ್ಕಳ ಕೈಯಲ್ಲಿ ಗಿಂಬಲ್ ಉಂಟು, ಓಡಿದರೂ ಕ್ಯಾಮೆರಾ ಅಲುಗುವುದಿಲ್ಲ; ಬೇಕಾದಾಗ ಅಲುಗಿಸಲು ಕಂಪ್ಯೂಟರಿನಲ್ಲಿ ಬೇರೆ ಗುಂಡಿ ಉಂಟಂತೆ. ನಮ್ಮ ಕಾಲದಲ್ಲಿ ಗುಂಡಿಯ ಕೆಲಸವನ್ನು ಇರುವೆ ಮಾಡಿತು.

ಬಾಗಿಲಿನ ದೃಶ್ಯವನ್ನು ತೆಗೆದದ್ದು ಪಾಣೆಮಂಗಳೂರಿನ ಆಚೆ, ನದಿ ಬದಿಯಲ್ಲಿ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರಲ್ಲಿ. ಸಮಯ ಮಟಮಟ ಮಧ್ಯಾಹ್ನ. ಕಾರ್ಖಾನೆಯ ಹಳೆಯ ಆಫೀಸು ಕೋಣೆಯಲ್ಲಿ ನಾಯಕಿ ಬಾಗಿಲಿಗೆ ಬೆನ್ನು ಹಾಕಿ ಕಡತ ಹುಡುಕುತ್ತಿದ್ದಾಳೆ. ಅವಳನ್ನು ಹುಡುಕುವವನು ಬಾಗಿಲ ಆಚೆ ಬರುತ್ತಾನೆ. ಅವನು ಯಾರೆಂದು ನೋಡುವವರಿಗೆ ಗೊತ್ತಾಗಬಾರದು. ಅವನು ಮತ್ತೆ ನಮ್ಮ ಕೃಷ್ಣ ಮಾಸ್ಟ್ರೇ.

ಮೊದಲು ನವೀನನಿಗೆ ಕ್ಯಾಮೆರಾ ನಿಧಾನವಾಗಿ ಬಾಗಿಲ ಹತ್ತಿರ ಸರಿಯಬೇಕೆಂದಿತ್ತು. ಟ್ರಾಲಿ ಇರಲಿಲ್ಲ. ಪದ್ಮನಾಭಣ್ಣನ ಗೋದಾಮಿನಿಂದ ಅಡಿಕೆ ಚೀಲ ಸಾಗಿಸುವ ಕೈಗಾಡಿ ತಂದು, ಹಲಗೆ ಹಾಸಿ, ಚಕ್ರಕ್ಕೆ ತೆಂಗಿನೆಣ್ಣೆ ಹಾಕಿದೆವು. ಕ್ಯಾಮೆರಾ ಸಮೇತ ನಾನು ಹತ್ತಿ ಕೂತೆ. ಎಣ್ಣೆ ಸ್ವಲ್ಪ ಹೆಚ್ಚಾಗಿತ್ತು, ನೆಲ ಸ್ವಲ್ಪ ಇಳಿಜಾರಾಗಿತ್ತು, ನಾನು ಅಡಿಕೆ ಚೀಲಕ್ಕಿಂತ ಸ್ವಲ್ಪ ಭಾರವಾಗಿದ್ದೆ. ಕ್ಯಾಮೆರಾ ಬಾಗಿಲಿನ ತನಕ ಸರಿಯಬೇಕಿತ್ತು. ನಾನು ನಾಯಕಿಯನ್ನು ದಾಟಿ, ಬಾಗಿಲನ್ನು ದೂಡಿಕೊಂಡು, ಆಚೆಯ ಜಗಲಿಗೇ ಹೋದೆ. ಅಲ್ಲಿ ನಮ್ಮ ಕೊಲೆಗಾರ ಮಾಸ್ಟ್ರು ಮೋಟುಗೋಡೆಯ ಮೇಲೆ ಕೂತು ಗೋಳಿಬಜೆ ತಿನ್ನುತ್ತಿದ್ದರು.

"ಎಂತ ಗೋಪಾಲ, ಶಾಟ್ ಮುಗಿಯಿತಾ?"

ಟ್ರಾಲಿಯ ಆಸೆ ಅಲ್ಲಿಗೇ ಬಿಟ್ಟೆವು. ನವೀನ ತಲೆ ಮೇಲೆ ಕೈ ಹೊತ್ತು ಕೂತ. ನಾನು ಮೊಣಕಾಲು ತಿಕ್ಕುತ್ತಾ ಮಾಸ್ಟ್ರ ಪಕ್ಕದಲ್ಲೇ ಕೂತು ಬಹಳ ದಿನದಿಂದ ಗಂಟಲಲ್ಲಿ ಇದ್ದದ್ದನ್ನು ಹೇಳಿಬಿಟ್ಟೆ.

"ಮಾಸ್ಟ್ರೆ, ಈ ಸೀನಿನಲ್ಲಿ ನಿಮ್ಮ ಮುಖ ಬರುವುದಿಲ್ಲ. ಹೋಗಲಿ, ಕೈ ಸಹ ಬರುವುದಿಲ್ಲ. ನಿಮ್ಮನ್ನು ಶಿರ್ತಾಡಿಯಿಂದ ಎರಡು ಬಸ್ಸು ಬದಲಿಸಿ ಬರಿಸಿ ಹೀಗೆ ಮಾಡಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ."

ಅವರು ಗೋಳಿಬಜೆಯ ಪೊಟ್ಟಣವನ್ನು ನನ್ನ ಕಡೆ ಹಿಡಿದರು. "ಒಂದು ತಿನ್ನು. ಇದಕ್ಕಾ ನೀನು ಬೆಳಿಗ್ಗೆಯಿಂದ ನನ್ನ ಮುಖ ನೋಡದೆ ಇರುವುದು? ನಾಲ್ಕನೆಯ ಕ್ಲಾಸಿನಲ್ಲಿ ನೀವು ಯಾವಾಗ ಬಾಯಿ ಮುಚ್ಚುತ್ತಿದ್ದಿರಿ, ನೆನಪುಂಟಾ?"

"ನೀವು ಕ್ಲಾಸಿಗೆ ಬಂದಾಗ."

"ಸುಳ್ಳು. ನಾನು ಒಳಗೆ ಬಂದ ಮೇಲೆ ಪುನಃ ಗುಸುಗುಸು ಶುರುವಾಗುತ್ತಿತ್ತು. ಇವತ್ತು ಕೋಲು ಉಂಟಾ ಇಲ್ಲವಾ ಅಂತ ನಿಮಗೆ ಕಾಣುತ್ತಿತ್ತಲ್ಲ. ಪಿನ್ ಬಿದ್ದರೂ ಕೇಳುವ ಹಾಗೆ ಆಗುತ್ತಿದ್ದದ್ದು ಜಗಲಿಯಲ್ಲಿ ನನ್ನ ಚಪ್ಪಲಿ ಸದ್ದು ಬಂದು, ಬಾಗಿಲ ಹತ್ತಿರ ನಿಂತು, ನಾನು ಇನ್ನೂ ಒಳಗೆ ಬಾರದೆ ಇದ್ದಾಗ. ನಾನು ಬೇಕೆಂದೇ ನಿಲ್ಲುತ್ತಿದ್ದೆ, ಮಾರಾಯ. ಮೂವತ್ತು ವರ್ಷ ಅದರಲ್ಲೇ ಶಾಲೆ ನಡೆಸಿದ್ದು. ಕೋಲು ಹಿಡಿದದ್ದು ಕಮ್ಮಿ."

ನನಗೆ ಒಮ್ಮೆಲೇ ಆ ಜಗಲಿ, ಆ ಚಪ್ಪಲಿ, ಉತ್ತರ ಗೊತ್ತಿಲ್ಲದ ಹದಿಮೂರರ ಮಗ್ಗಿ ಎಲ್ಲ ನೆನಪಿಗೆ ಬಂತು. ಐವತ್ತೆಂಟರ ವಯಸ್ಸಿನಲ್ಲೂ ಕೈಯಲ್ಲಿದ್ದ ಗೋಳಿಬಜೆಯನ್ನು ಬೆನ್ನ ಹಿಂದೆ ಅಡಗಿಸಿದೆ. ನಮ್ಮ ಅಜ್ಜಿ ಹೇಳುತ್ತಿದ್ದರು, ಅಟ್ಟದ ಮೇಲಿನದ್ದನ್ನೆಲ್ಲ ಅಂಗಳಕ್ಕೆ ಹಾಕಿದರೆ ಮತ್ತೆ ಯಾರೂ ಏಣಿ ಹತ್ತುವುದಿಲ್ಲವೆಂದು. ಇಪ್ಪತ್ತು ವರ್ಷ ನಾನು ಮಾಡಿದ್ದು ಅಂಗಳಕ್ಕೆ ಹಾಕುವ ಕೆಲಸವೇ.

ನವೀನನನ್ನು ಕರೆದು ಹೇಳಿದೆ. ಅವನೂ ಎದ್ದು ನಿಂತ. ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಇಟ್ಟೆವು. ಚೌಕಟ್ಟಿನ ಎಡ ಮೂಲೆಯಲ್ಲಿ ನಾಯಕಿ ಚಿಕ್ಕದಾಗಿ, ಬೆನ್ನು ನಮಗೆ ಕಾಣುವಂತೆ. ಬಲಗಡೆ ಮುಚ್ಚಿದ ಬಾಗಿಲು. ಮಧ್ಯದಲ್ಲಿ ಬರೀ ಖಾಲಿ ನೆಲ. ಮದುವೆಯ ಲೈಟುಗಳನ್ನೆಲ್ಲ ನಾನೇ ಆರಿಸಿದೆ; ಬಾಗಿಲ ಅಡಿಯ ಸಂದಿನಿಂದ ಹೊರಗಿನ ಬಿಸಿಲು ಒಂದು ಪಟ್ಟಿಯಷ್ಟು ಒಳಗೆ ಬೀಳುತ್ತಿತ್ತು. ಮಾಸ್ಟ್ರು ಮಾಡಬೇಕಾದ್ದು ಜಗಲಿಯ ಆ ತುದಿಯಿಂದ ನಡೆದು ಬಂದು ಬಾಗಿಲ ಹೊರಗೆ ನಿಲ್ಲುವುದು. ಚಪ್ಪಲಿಯ ಸದ್ದು ಹತ್ತಿರ ಬರುತ್ತದೆ, ನಿಲ್ಲುತ್ತದೆ. ಬಿಸಿಲಿನ ಪಟ್ಟಿಯಲ್ಲಿ ಎರಡು ಕಾಲುಗಳ ನೆರಳು. ಅಷ್ಟೇ. ನಾನು ಇಪ್ಪತ್ತು ಎಣಿಸುವ ತನಕ ಕ್ಯಾಮೆರಾ ಅಲುಗಬಾರದು.

ಎಣಿಸುವುದರಲ್ಲಿ ನನಗೆ ಅನುಭವ ಇದ್ದದ್ದು ಎರಡರ ತನಕ ಮಾತ್ರ.

ಮೊದಲ ಸಲ, ಒಂದು, ಎರಡು, ನನ್ನ ಬಲಗೈ ಮೆಲ್ಲನೆ ನಾಯಕಿಯನ್ನು ಬಿಟ್ಟು ಬಾಗಿಲ ಕಡೆ ತಿರುಗಿತು. ಎರಡನೆಯ ಸಲ ತಿರುಗಲಿಲ್ಲ, ಆದರೆ ಜೂಮ್ ಮಾಡಿ ಮಾಸ್ಟ್ರ ಚಪ್ಪಲಿಯ ನೆರಳನ್ನು ಪಾದಪೂಜೆಯ ಹಾಗೆ ಪರದೆ ತುಂಬ ತೋರಿಸಿತು. "ಗೋಪಾಲಣ್ಣ, ಮಾಸ್ಟ್ರಿಗೆ ಕೋಪ ಬರುವುದಿಲ್ಲ ಮಾರಾಯ್ರೆ, ಕೈ ಬಿಡಿ!" ಎಂದು ನವೀನ ಕೈ ಮುಗಿದ. ಬಿಡಲು ಅದು ನನ್ನ ಮಾತು ಕೇಳಬೇಕಲ್ಲ. ಕೊನೆಗೆ ಹೆಗಲ ಮೇಲಿದ್ದ ಬೈರಾಸು ಟವೆಲನ್ನು ಅವನಿಗೆ ಕೊಟ್ಟೆ. "ಕಟ್ಟು."

"ಎಂತದು?"

"ಈ ಕೈಯನ್ನು ಬೆನ್ನ ಹಿಂದೆ ಕಟ್ಟು. ಶುರು ಮಾಡುವ ಗುಂಡಿಯನ್ನು ನೀನೇ ಒತ್ತು."

ಹಾಗೆ ನನ್ನ ವೃತ್ತಿಜೀವನದ ಅತ್ಯುತ್ತಮ ಶಾಟ್ ತೆಗೆಯುವಾಗ ನಾನು ಕಳ್ಳನಂತೆ ಕೈ ಕಟ್ಟಿಸಿಕೊಂಡು ನೆಲದ ಮೇಲೆ ಕೂತು ನೋಡುತ್ತಿದ್ದೆ. ಸದ್ದು ಹತ್ತಿರ ಬಂತು. ನಿಂತಿತು. ಬಿಸಿಲು ಎರಡು ಕಡೆ ತುಂಡಾಯಿತು. ಆರು, ಏಳು. ನಾಯಕಿ ಪುಟ ತಿರುವಿದಳು. ಹನ್ನೆರಡು. ಏನೂ ಆಗಲಿಲ್ಲ. ಹದಿನೆಂಟು ಎಣಿಸುವಾಗ ನನ್ನ ಕೈಯ ರೋಮ ಎದ್ದು ನಿಂತಿತು. ಆ ಬಾಗಿಲ ಹಿಂದೆ ಗೋಳಿಬಜೆ ತಿಂದವರು ಯಾರೆಂದು ಆ ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ನಿಂತಿತು.

ಎರಡು ದಿನ ಬಿಟ್ಟು ಪದ್ಮನಾಭಣ್ಣ ನಮ್ಮ ಮನೆಗೇ ನೋಡಲು ಬಂದರು. ಬೆಳಿಗ್ಗೆ ಹತ್ತರ ಹೊತ್ತು. ನವೀನ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟ. ಅಕ್ಕ ತನ್ನ ಜಾಗದಲ್ಲಿ, ಗೋಡೆಗೆ ಒರಗಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕೂತಿದ್ದಳು. ದೃಶ್ಯ ಶುರುವಾಯಿತು. ಪದ್ಮನಾಭಣ್ಣನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ನಾನು ಅಕ್ಕನ ಬೆರಳು ನೋಡುತ್ತಾ ಕೂತೆ. ಎಲೆ ತೆಗೆಯಿತು, ಪುಡಿ ಹಾಕಿತು, ಸುತ್ತಿತು. ಚಪ್ಪಲಿಯ ಸದ್ದು ಬಂತು. ನೂಲು ಬಿಗಿಯಿತು. ಸದ್ದು ನಿಂತಿತು. ಇನ್ನೊಂದು ಎಲೆ ತೆಗೆಯಿತು. ಮತ್ತೆ ಆ ಎಲೆ ಸುತ್ತಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ನಿಲ್ಲದ ಬೆರಳು ಎಲೆಯನ್ನು ಗಾಳಿಯಲ್ಲಿ ಹಿಡಿದುಕೊಂಡು ನಿಂತಿತ್ತು. ನಾನು ಎಣಿಸಲು ಮರೆತೆ.

ದೃಶ್ಯ ಮುಗಿದು ಪರದೆ ಕಪ್ಪಾಯಿತು.

"ಬಾಗಿಲ ಹಿಂದೆ ಇದ್ದದ್ದು ಯಾರು?" ಎಂದರು ಪದ್ಮನಾಭಣ್ಣ.

"ಹೇಳುವುದಿಲ್ಲ" ಎಂದ ನವೀನ.

"ನಾನು ಪ್ರೊಡ್ಯೂಸರ್, ಮಾರಾಯ! ನನಗೂ ಹೇಳುವುದಿಲ್ಲವಾ?"

"ನೀವು ಕತೆ ಓದಿದ್ದೀರಲ್ಲ, ಅಣ್ಣ."

"ಓದಿದ್ದೇನೆ. ಈಗ ಅದು ಅವನೇ ಹೌದಾ ಅಂತ ಸಂಶಯ ಬರುತ್ತದೆ." ಅವರು ಎದ್ದು ಚಪ್ಪಲಿ ಮೆಟ್ಟಿದರು. ಮೆಟ್ಟಿಲಿಳಿದವರು ಒಮ್ಮೆ ತಿರುಗಿ ನಮ್ಮ ಮನೆಯ ಬಾಗಿಲನ್ನೇ ನೋಡಿದರು. "ಬೆಂಗಳೂರಿನವರು ಬೇಡ. ಇವರೇ ತೆಗೆಯಲಿ."

ನವೀನ ಅವರನ್ನು ಕಳುಹಿಸಲು ರಸ್ತೆಯ ತನಕ ಹೋದ. ನಾನು ಅಕ್ಕನ ಕಡೆ ತಿರುಗಿದೆ. ಬೆರಳು ಇನ್ನೂ ಸುಮ್ಮನಿತ್ತು.

"ಎಂತ ಅಕ್ಕ, ಕೈ ನಿಂತಿತಲ್ಲ? ಹೆದರಿಕೆ ಆಯಿತಾ?"

"ಹೆದರಿಕೆಯಾ? ನಿನ್ನ ಸಿನಿಮಾಕ್ಕಾ?" ಅಕ್ಕ ತಡ್ಪೆಯನ್ನು ಪಕ್ಕಕ್ಕಿಟ್ಟು ಎದ್ದಳು. "ಎಲೆ ಮುಗಿದಿತ್ತು, ಅಷ್ಟೇ. ಚಹಾ ಇಡುತ್ತೇನೆ."

ಅವಳು ಅಡುಗೆ ಕೋಣೆಗೆ ಹೋದ ಮೇಲೆ ತಡ್ಪೆಯ ಕಡೆ ನೋಡಿದೆ. ಒಂದು ಬದಿಗೆ ಒದ್ದೆ ಬಟ್ಟೆ ಮುಚ್ಚಿತ್ತು. ಎತ್ತಿ ನೋಡಿದರೆ ಕತ್ತರಿಸಿದ ಎಲೆ ಇನ್ನೂ ಅರ್ಧ ಕಟ್ಟು ಹಾಗೇ ಇತ್ತು. ನನ್ನ ಬಲಗೈ ತಾನಾಗಿ ಆ ತಡ್ಪೆಯನ್ನು ಎತ್ತಿ ಅಡುಗೆ ಕೋಣೆಯಲ್ಲಿದ್ದ ಅಕ್ಕನಿಗೆ ತೋರಿಸಲು ಹೊರಟಿತು.

ಹಿಡಿದು ನಿಲ್ಲಿಸಿದೆ. ಬಟ್ಟೆಯನ್ನು ಮೊದಲಿನ ಹಾಗೆಯೇ ಮುಚ್ಚಿ, ಚಹಾಕ್ಕೆ ಕಾದು ಕೂತೆ.